ದುರ್ಗವ್ವನ ಹೆಸರಿನ ನುಡಿ

ದುರ್ಗವ್ವ ಬದುಕಿದ್ದಾಳೆ. ಈ ಮಾತನ್ನು ಮೊದಲಿಗೇ ಹೇಳಬೇಕಾಗಿ ಬಂದಿರುವುದು ವಿಚಿತ್ರವಾದರೂ ಅನಿವಾರ್ಯ. ಆಕೆಯ ಎರಡನೆಯ ಆಲ್ಬಮ್ಮಿನ ಹಾಡುಗಳನ್ನು ಪೀಣ್ಯದ ಬಾಡಿಗೆ ಕೋಣೆಗಳಲ್ಲಿ, ಹೂಡಿಯ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಕಾಡುಗೋಡಿಯ ಮಾರುಕಟ್ಟೆಯ ಬದಿಯಲ್ಲಿ ಕೇಳುವ ಜನರಲ್ಲಿ ಹೆಚ್ಚಿನವರು ಆಕೆ ತೀರಿಕೊಂಡಳೆಂದೇ ತಿಳಿದಿದ್ದಾರೆ. ಹಾಗೆ ತಿಳಿಯಲು ಅವರಿಗೆ ಸಕಾರಣವಿದೆ.

ಕೊಪ್ಪಳ ಜಿಲ್ಲೆಯ ಜಾಲಿಕಟ್ಟಿ ಆಕೆಯ ಊರು. ಗಂಡ ಕೊಟ್ರಪ್ಪನೊಡನೆ ಪೀಣ್ಯಕ್ಕೆ ಬಂದು ಬಹಳ ಕಾಲವಾಯಿತು. ಕೊಟ್ರಪ್ಪ ಲಾರಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಾನೆ. ದುರ್ಗವ್ವನದು ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹಿಡಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ. ಬಣ್ಣ ಹಿಡಿಯಬೇಕಾದರೆ ತುಕ್ಕು ಹೋಗಬೇಕು. ತುಕ್ಕು ಹೋಗಬೇಕಾದರೆ ಕಬ್ಬಿಣವನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಬೇಕು. ಅದ್ದಿ, ತೊಳೆದು, ಒಲೆಯ ಕಡೆಗೆ ಸಾಗುವ ಸರಪಳಿಯ ಕೊಕ್ಕೆಗಳಿಗೆ ಸಿಗಿಸುವುದು ಆಕೆಯ ಪಾಲಿನ ದುಡಿಮೆಯಾಗಿತ್ತು.

ಆಕೆ ಹಾಡು ಕಟ್ಟುತ್ತಿದ್ದುದೂ ಅಲ್ಲಿಯೇ. ಸರಪಳಿ ಒಂದೇ ವೇಗದಲ್ಲಿ ಸರಿಯುತ್ತದೆ. ಕೊಕ್ಕೆಗಳು ಒಂದರ ಹಿಂದೊಂದು ಬರುತ್ತವೆ. ಕೊಕ್ಕೆಗೊಂದು ಸಾಲಿನಂತೆ ಮೂರು ಕೊಕ್ಕೆಗೆ ಒಂದು ನುಡಿ. ಸಾಲು ಕೂಡಿಬರದಿದ್ದರೆ ಕೈ ಕೆಲಸ ಮಾಡುತ್ತಿರುತ್ತದೆ, ನಾಲಗೆ ಮುಂದಿನ ಕೊಕ್ಕೆಗೆ ಕಾಯುತ್ತದೆ. ಆಕೆಯ ಅಜ್ಜಿ ಬೀಸುಕಲ್ಲಿನ ಸುತ್ತಿಗೆ ಪದ ಹೊಂದಿಸುತ್ತಿದ್ದಳು. ಮೊಮ್ಮಗಳು ಸರಪಳಿಗೆ ಹೊಂದಿಸಿದಳು. ಮೊದಲನೆಯ ಆಲ್ಬಮ್ಮಿನ ಈ ನುಡಿಯನ್ನು ಕೇಳದವರು ಪೀಣ್ಯದಲ್ಲಿ ಕಡಿಮೆ:

ಕೊಕ್ಕಿಗೆ ಸಿಗಿಸೀದ ಕಬ್ಬಣ ಒಣಗೀತ
ನನ ಸೀರಿ ಒಣಗಾಕ ಒಲ್ಲದ, ತಂಗೆವ್ವ
ಬೆವರೀಗೆ ಬ್ಯಾರೆ ಒಲಿಯಿಲ್ಲ

ಹಾಡು ಕಟ್ಟುವುದು ಒಂದು ಸಂಗತಿ. ಅದರಲ್ಲಿ ತನ್ನ ಹೆಸರಿಡುವುದು ಬೇರೊಂದು ಸಂಗತಿ. ಜಾಲಿಕಟ್ಟಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಶನಿವಾರದ ಸಂಜೆ ಭಜನೆ ನಡೆಯುತ್ತದೆ. ಆ ಮೇಳಕ್ಕೆ ಹಿಂದಿನಿಂದ ಬಂದ ಒಂದು ಕಟ್ಟಳೆಯಿದೆ. ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಊರನ್ನೂ ಹೆಸರನ್ನೂ ಇಡುತ್ತಾರೆ. ಅದಕ್ಕೆ ಹೆಸರಿನ ನುಡಿಯೆನ್ನುತ್ತಾರೆ. ಉಳಿದ ಪದವನ್ನು ಯಾರು ಬೇಕಾದರೂ ಹಾಡಬಹುದು, ಹೆಸರಿನ ನುಡಿಯನ್ನು ಮಾತ್ರ ಕಟ್ಟಿದವರೇ ಹಾಡಬೇಕು. ಅವರು ದುಡಿಯಲು ದೂರ ಹೋಗಿದ್ದರೆ, ಕಾಯಿಲೆ ಬಿದ್ದಿದ್ದರೆ, ಆ ನುಡಿ ಬರುವ ಹೊತ್ತಿಗೆ ಮೇಳದವರೆಲ್ಲ ಬಾಯಿ ಮುಚ್ಚಿ ಬರಿಯ ತಾಳ ಹಾಕುತ್ತಾರೆ. ಕಟ್ಟೆಯ ಕೆಳಗೆ ಕುಳಿತವರಿಗೆ ಆ ಮೌನವೇ ಸುದ್ದಿ: ಕಟ್ಟಿದವನು ಎಲ್ಲೋ ಒಂದು ಕಡೆ ಉಸಿರಾಡುತ್ತಿದ್ದಾನೆ. ಅವನು ಸತ್ತ ದಿನ ಮೇಳವು ಹೆಣದ ಮುಂದೆ ಕುಳಿತು ಮೊಟ್ಟಮೊದಲ ಬಾರಿಗೆ ಆ ನುಡಿಯನ್ನು ಹಾಡುತ್ತದೆ. ಅಂದಿನಿಂದ ಅದು ಎಲ್ಲರದು.

ಹೆಂಗಸರ ಪದಗಳಿಗೆ ಹೆಸರಿನ ನುಡಿ ಇರಲಿಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಎಷ್ಟೋ ತಲೆಮಾರಿನ ಹೆಂಗಸರು ಕಟ್ಟಿದ್ದೆಲ್ಲವೂ ಹೆಸರಿಲ್ಲದೆ ಗಾಳಿಗೆ ಹೋಯಿತು. ಅದನ್ನು ಯಾರೂ ಅನ್ಯಾಯವೆಂದು ಕರೆಯಲಿಲ್ಲ. ಕರೆಯಬೇಕಾದವರಿಗೂ ಅದು ಹಾಗೆ ತೋರಲಿಲ್ಲ. ಮೇಳದ ಹಿರಿಯ ಇರಣ್ಣಜ್ಜ, ಆಕೆ ಪೀಣ್ಯಕ್ಕೆ ಹೋಗುವ ಮುನ್ನ ಒಂದು ಶನಿವಾರ ದುರ್ಗವ್ವನ ಪದ ಕೇಳಿ, "ಇದಕ್ಕ ನಿನ್ನ ಹೆಸರ ಇಡವ್ವ. ಇಲ್ಲಾಂದ್ರ ನಾಳೆ ಯಾವನೋ ಗಂಡಸ ತನ್ನ ಹೆಸರ ಇಡತಾನ" ಎಂದ. ಆ ಕಟ್ಟೆಯ ಮೇಲೆ ಹೆಸರಿನ ನುಡಿ ಹಾಡಿದ ಮೊದಲ ಹೆಂಗಸು ದುರ್ಗವ್ವ. ಆಕೆ ಪೀಣ್ಯದಲ್ಲಿದ್ದ ಅಷ್ಟೂ ವರ್ಷ ಜಾಲಿಕಟ್ಟಿಯಲ್ಲಿ ಒಂದಿಪ್ಪತ್ತು ಗಂಡಸರು ಆಕೆಗೋಸ್ಕರ ಬಾಯಿ ಮುಚ್ಚಿಕೊಂಡು ತಾಳ ಹಾಕುತ್ತಿದ್ದರು. ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಆಕೆ ಯಾರಿಂದಲೂ ಬೇಡಿದವಳಲ್ಲ.

ಮೊದಲ ಆಲ್ಬಮ್ ಆದದ್ದು ಮುನಿಯಣ್ಣನಿಂದ. ಆತ ಪೀಣ್ಯದ ಹಳೆಯ ಗ್ರಾಮದವನು. ಮನೆಯ ಮೇಲ್ಮಹಡಿಯಲ್ಲಿ ಗೋಡೆಗಳಿಗೆ ಥರ್ಮಾಕೋಲು ಅಂಟಿಸಿ, ದೇವರ ಹಾಡು, ಜಾತ್ರೆಯ ಆರ್ಕೆಸ್ಟ್ರಾಗಳನ್ನು ರೆಕಾರ್ಡ್ ಮಾಡಿ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಿದ್ದ. ಮೈಕಿನ ಸ್ಟ್ಯಾಂಡುಗಳಿಗೆ ಬಣ್ಣ ಹಿಡಿಸಲು ಕಾರ್ಖಾನೆಗೆ ಬಂದಾಗ ತೊಟ್ಟಿಯ ಕಡೆಯಿಂದ ಬಂದ ದನಿ ಕೇಳಿ ನಿಂತ. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಕೇಡು ಬಯಸಿದವರು ಯಾರೂ ಇಲ್ಲವೆಂಬುದೇ ಇದರ ಕಷ್ಟ.

ಆಲ್ಬಮ್ ಹೊರಬಂದಾಗ ಹಾಡುಗಳಿದ್ದವು, ಹೆಸರಿನ ನುಡಿಗಳಿರಲಿಲ್ಲ.

"ನಾಲ್ಕು ನಿಮಿಷ ದಾಟಿದ್ರೆ ಜನ ಮುಂದಕ್ಕೆ ತಳ್ಬಿಡ್ತಾರೆ ದುರ್ಗಮ್ಮ. ಕೊನೇದು ಒಂದೊಂದು ಚರಣ ತೆಗ್ದಿದೀನಿ, ಅಷ್ಟೇ. ಹಾಡಿಗೇನೂ ಲಾಸಿಲ್ಲ" ಎಂದ ಮುನಿಯಣ್ಣ.

"ಹಾಡಿಗಿಲ್ಲರಿ. ನನಗ ಐತಿ."

"ನಿಮ್ಮ ಹೆಸ್ರು ಕೆಳಗೆ ಬರ್ದಿದೀನಲ್ಲಮ್ಮ, ನೋಡಿ."

"ಬರದದ್ದನ್ನ ಯಾರು ಓದತಾರ್ರಿ? ನಾನss ಓದೂದಿಲ್ಲ."

ಆಕೆ ಹೇಳಿದ್ದು ನಿಜವಾಯಿತು. ಹಾಡುಗಳು ಫೋನಿನಿಂದ ಫೋನಿಗೆ ಹರಿದಾಡಿದವು; ಕೆಳಗೆ ಬರೆದದ್ದು ಅಲ್ಲಿಯೇ ಉಳಿಯಿತು. ಒಂದು ದಿನ ಓಣಿಗೆ ಬಂದ ನೀರಿನ ಟ್ಯಾಂಕರಿನಲ್ಲಿ ಆಕೆಯದೇ ಹಾಡು ಮೊಳಗುತ್ತಿತ್ತು. ಕೊಡ ಹಿಡಿದು ನಿಂತ ದುರ್ಗವ್ವ ಚಾಲಕನನ್ನು ಕೇಳಿದಳು: "ಯಾರ ಹಾಡಣ್ಣ ಇದು?"

"ಯಾರ್ದೂ ಅಲ್ಲಕ್ಕ. ಜಾನಪದ."

"ಅಂದ್ರ, ಕಟ್ಟಿದವರು ಯಾರೂ ಇರೂದಿಲ್ಲೇನು?"

"ಅಯ್ಯೋ, ಜಾನಪದಕ್ಕೆಲ್ಲ ಎಲ್ಲಿ ಹೆಸ್ರಿರ್ತದಕ್ಕ! ಅದು ತಾನೇ ಬೆಳ್ಕೊಂಡಿರೋದು. ಕೊಡ ಇಡಿ ಬೇಗ, ಹಿಂದೆ ಗಾಡಿ ಬಂತು."

ಅಂದು ಸಂಜೆಯೇ ಆಕೆ ಮುನಿಯಣ್ಣನ ಮೆಟ್ಟಿಲು ಹತ್ತಿದಳು. ಜಗಳವೇ ಆಯಿತು. ಕೊನೆಗೆ ಮುನಿಯಣ್ಣ ದೇವರ ಪಟದ ಕಡೆ ಕೈಮಾಡಿ, ಎರಡನೆಯ ಆಲ್ಬಮ್ ಮಾಡೋಣವೆಂದೂ, ಅದರಲ್ಲಿ ಒಂದೊಂದು ಹಾಡಿನ ಕೊನೆಗೂ ಹೆಸರಿನ ಚರಣ ಬಿಡದೆ ಇರುವುದೆಂದೂ ಮಾತು ಕೊಟ್ಟ. ದುರ್ಗವ್ವನಿಗೆ ಎರಡನೆಯ ಆಲ್ಬಮ್ ಬೇಕಾಗಿದ್ದುದು ಅದೊಂದೇ ಕಾರಣಕ್ಕೆ. ಮೊದಲನೆಯದು ಅನಾಥವಾಯಿತು, ಎರಡನೆಯದು ತನ್ನದಾಗಬೇಕು, ತನ್ನ ಬಾಯಿಂದಲೇ ತನ್ನದಾಗಬೇಕು.

ಹಾಡುಗಳು ಆ ಚಳಿಗಾಲವೆಲ್ಲ ಕೊಕ್ಕೆಗಳ ಮೇಲೆ ಕೂಡಿಕೊಂಡವು. ಪೀಣ್ಯದ ನೆತ್ತಿಯ ಮೇಲೆ ಓಡುವ ಮೆಟ್ರೋ ಗಾಡಿಯ ಬಗ್ಗೆ ಕಟ್ಟಿದ ಪದ ಅವುಗಳಲ್ಲಿ ಮುಖ್ಯವಾದದ್ದು:

ತಲಿಮ್ಯಾಲ ಹರದಾವ ತಂಪೀನ ಗಾಡೀಗಳು
ನೆಳ್ಳಷ್ಟ ನಮಗ ಬಿಟ್ಟಾವ, ತಂಗೆವ್ವ
ನೆಳ್ಳಾಗ ರೊಟ್ಟಿ ಬಡಿಯೂಣು

ಅದರ ಹೆಸರಿನ ನುಡಿ ಹೀಗಿತ್ತು:

ಜಾಲಿಕಟ್ಟಿಯ ದುರ್ಗಿ ಪೀಣ್ಯಾಕ ಬಂದಾಳ
ಹೊಗಿಯಾಗ ಪದವ ಕಟ್ಟ್ಯಾಳ, ತಂಗೆವ್ವ
ಕೇಳ್ದೋರು ಹೆಸರ ಮರಿಬ್ಯಾಡ್ರಿ

ಹಾಡು ಕೂಡಿಬಂದಷ್ಟೇ ಶ್ರದ್ಧೆಯಿಂದ ಆಸಿಡ್ಡಿನ ಹೊಗೆ ಆಕೆಯ ಗಂಟಲಲ್ಲಿ ಕೆಲಸ ಮಾಡುತ್ತಿತ್ತು. ತೊಟ್ಟಿಯ ಮೇಲೆ ಹೊಗೆ ಎಳೆಯುವ ಫ್ಯಾನು ಕೆಟ್ಟು ನಿಂತಿತ್ತು. ಮುಖಕ್ಕೆ ಕಟ್ಟಿಕೊಳ್ಳಲು ಕೊಟ್ಟ ಬಟ್ಟೆಯನ್ನು ಆಕೆ ಕಟ್ಟಿಕೊಳ್ಳುತ್ತಿರಲಿಲ್ಲ. ಬಾಯಿ ಕಟ್ಟಿದರೆ ಹಾಡು ಕಟ್ಟಲಾಗುವುದಿಲ್ಲವೆಂಬುದು ಆಕೆಯ ವಾದ. ಮೊದಲು ಕೆಮ್ಮು ಬಂತು, ಆಮೇಲೆ ದನಿ ಬೆಳಗಿನ ಹೊತ್ತು ಬರದಾಯಿತು, ಕಡೆಗೆ ಸಂಜೆಯೂ ಬರದಾಯಿತು. ಸರ್ಕಾರಿ ಆಸ್ಪತ್ರೆಯ ಗಂಟಲಿನ ಡಾಕ್ಟರು ಸಣ್ಣ ಕೊಳವೆ ಇಳಿಸಿ ನೋಡಿ, ದನಿಪೆಟ್ಟಿಗೆ ಸುಟ್ಟಂತಾಗಿದೆಯೆಂದೂ, ಕೆಲಸದ ಜಾಗ ಬದಲಿಸಬೇಕೆಂದೂ, ಹಾಡುವ ಮಾತಂತೂ ಇಲ್ಲವೇ ಇಲ್ಲವೆಂದೂ ಹೇಳಿದರು. ಮಾಲೀಕರು ಕೆಲಸದ ಜಾಗ ಬದಲಿಸಿ ಆಕೆಯನ್ನು ಪ್ಯಾಕಿಂಗಿಗೆ ಹಾಕಿದರು. ಅಷ್ಟರಮಟ್ಟಿಗೆ ಅವರು ಡಾಕ್ಟರ ಮಾತು ಕೇಳಿದರು. ಹಾಡಬಾರದೆಂಬ ತನ್ನ ಪಾಲಿನ ಮಾತನ್ನು ದುರ್ಗವ್ವ ಕೇಳಲಿಲ್ಲ.

ಭಾನುವಾರಗಳಂದು ರೆಕಾರ್ಡಿಂಗ್ ನಡೆಯಿತು. ಹಿಮ್ಮೇಳಕ್ಕೆ ಸವಿತಾ ಬರುತ್ತಿದ್ದಳು. ಆಕೆ ಅದೇ ಓಣಿಯ ಹುಡುಗಿ, ಗಾರ್ಮೆಂಟ್ಸಿನಲ್ಲಿ ಕೆಲಸ. ತಂದೆ ತಾಯಿ ಕುಷ್ಟಗಿ ಕಡೆಯವರಾದರೂ ಅವಳು ಹುಟ್ಟಿದ್ದು, ಬೆಳೆದದ್ದು ಪೀಣ್ಯದಲ್ಲಿ. ದುರ್ಗವ್ವನ ಹಾಡುಗಳನ್ನು ಕೇಳಿ ಕೇಳಿ ಕಲಿತವಳು. ದುರ್ಗವ್ವ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲಿಯೇ ಅವಳೂ ತೆಗೆದುಕೊಳ್ಳುತ್ತಿದ್ದಳು. ದುರ್ಗವ್ವ ಒಂದು ಸಾಲು ಹಾಡುವುದು, ಬಿಸಿನೀರು ಕುಡಿಯುವುದು, ಇನ್ನೊಂದು ಸಾಲು ಹಾಡುವುದು, ಹೀಗೆ ಮುನಿಯಣ್ಣ ಚೂರು ಚೂರನ್ನು ಹೊಲಿದು ಹಾಡು ಮಾಡಿದ. ಏರಲಾಗದ ಕಡೆ ಸವಿತಾಳ ದನಿಯನ್ನು ಕೆಳಗಿನಿಂದ ಆಸರೆ ಕೊಟ್ಟಂತೆ ಸೇರಿಸಿದ. ಉಳಿದದ್ದು ಹೆಸರಿನ ನುಡಿಗಳು. ಅವುಗಳಿಗೆ ಹಿಮ್ಮೇಳ ಕೂಡದೆಂದು ದುರ್ಗವ್ವ ಹಟ ಹಿಡಿದಳು.

ಹೆಸರಿನ ನುಡಿಯನ್ನು ಮೇಲಿನ ಸ್ವರದಲ್ಲಿ ಎತ್ತಬೇಕು. ಆಕೆ ಎತ್ತಿದಳು. "ಜಾಲಿ" ಎಂಬಲ್ಲಿಗೆ ದನಿ ನಿಂತಿತು. ಮತ್ತೆ ಎತ್ತಿದಳು, ಬಂದದ್ದು ಗಾಳಿ. ಗಾಜಿನ ಆಚೆ ಮುನಿಯಣ್ಣ ಹೆಡ್‌ಫೋನ್ ತೆಗೆದಿಟ್ಟ.

"ಸಾಕು ಬಿಡಮ್ಮ. ರಕ್ತ ಕಕ್ಕೊಂಡ್ ಹಾಡ್ಬೇಕಾ?"

"ಒಂದ್ ತಿಂಗಳ ತಡೀರಿ. ಮಾತಾಡೂದು ಬಿಡತೀನಿ. ಗಂಟಲ ಆರತೈತಿ. ಬಂದು ಹಾಡತೀನಿ."

ಆಕೆ ನಿಜವಾಗಿಯೂ ಮಾತು ಬಿಟ್ಟಳು. ಕೊಟ್ರಪ್ಪ ಓಣಿಯಲ್ಲಿ, "ನಮ್ಮ ಮನ್ಯಾಗ ಈಗ ಭಾಳ ಶಾಂತಿ ಐತ್ರಿ, ಸ್ವಾಮಿಗೋಳ ಮಠ ಇದ್ದಂಗ" ಎಂದು ನಗಿಸುತ್ತಿದ್ದ. ಒಳಗೆ ಬಂದು ಆಕೆಗೆ ಅರಿಶಿನದ ಹಾಲು ಕಾಯಿಸಿ ಕೊಡುತ್ತಿದ್ದ. ತಿಂಗಳು ಮುಗಿಯಿತು. ಮತ್ತೊಂದು ತಿಂಗಳೂ ಹೋಯಿತು. ಗಂಟಲು ಆರಲಿಲ್ಲ.

ಕಾದು ಬೇಸತ್ತ ಮುನಿಯಣ್ಣನಿಗೆ ಒಂದು ಉಪಾಯ ಹೊಳೆಯಿತು. ಉಪಾಯವೆನ್ನುವುದಕ್ಕಿಂತ ಅದು ಆತನ ಪ್ರಾಮಾಣಿಕತೆ. ಕೊಟ್ಟ ಮಾತು ಕೊರೆಯುತ್ತಿತ್ತು. ಸವಿತಾಳನ್ನು ಕರೆಸಿ, ಎಲ್ಲ ಹಾಡುಗಳ ಹೆಸರಿನ ನುಡಿಗಳನ್ನೂ ಆಕೆಯಿಂದ ಹಾಡಿಸಿದ. "ದುರ್ಗಮ್ಮಂಗೆ ಈಗ್ಲೇ ಹೇಳ್ಬೇಡ. ಭಾನುವಾರ ಹೋಗಿ ಕೇಳ್ಸಾಣ, ಖುಷಿ ಆಗ್ತಾರೆ" ಎಂದ. ಗುರುವಾರ ಸಂಜೆ ಆಲ್ಬಮ್ ಚಾನೆಲ್ಲಿಗೆ ಹೋಯಿತು. ಸವಿತಾಳ ಎಳೆಯ ದನಿ ನಿರ್ಮಲವಾಗಿ, ಜಾಲಿಕಟ್ಟಿಯ ದುರ್ಗಿ ಪೀಣ್ಯಕ್ಕೆ ಬಂದುದನ್ನು ಲೋಕಕ್ಕೆ ತಿಳಿಸಿತು. ಆ ಹುಡುಗಿಗೆ ಕಟ್ಟಳೆ ಗೊತ್ತಿರಲಿಲ್ಲ. ಮುನಿಯಣ್ಣನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ದುರ್ಗವ್ವ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಗಾಳಿಯನ್ನೂ ನೀರನ್ನೂ ಯಾರು ಬಿಡಿಸಿ ಹೇಳುತ್ತಾರೆ?

ಜಾಲಿಕಟ್ಟಿಯಲ್ಲಿ ಶುಕ್ರವಾರ ಬೆಳಿಗ್ಗೆ ಚಹದಂಗಡಿಯ ಮುಂದೆ ಯಾರದೋ ಫೋನಿನಲ್ಲಿ ಹಾಡು ಬಂತು. ಜನ ಹಿಗ್ಗಿ ಕೇಳಿದರು. ಹೆಸರಿನ ನುಡಿ ಬಂತು. ಬೇರೆ ದನಿಯಲ್ಲಿ ಬಂತು. ಯಾರೋ ಟವೆಲ್ಲು ತೆಗೆದು ಕಣ್ಣಿಗೆ ಒತ್ತಿಕೊಂಡರು. ಸಾವಿನ ಮನೆಗೆ ಫೋನು ಮಾಡಿ "ಸತ್ತಳೇ?" ಎಂದು ಕೇಳುವ ಜನವಲ್ಲ ಅವರು; ಆದರೂ ಯಾರೋ ಧೈರ್ಯ ಮಾಡಿ ಕೊಟ್ರಪ್ಪನ ಫೋನಿಗೆ ಕರೆ ಮಾಡಿದರು. ಕೆಲಸ ಮುಗಿಯುವ ತನಕ ಅವನ ಫೋನು ಗೋದಾಮಿನ ಗೇಟಿನಲ್ಲಿರುತ್ತಿತ್ತು, ಎತ್ತುವವರಿಲ್ಲ. ಎತ್ತದಿದ್ದುದೇ ಉತ್ತರವಾಯಿತು. ಕೆಲಸ ಮುಗಿಸಿ ಬಂದ ಕೊಟ್ರಪ್ಪ ಸಾಲು ಸಾಲು ಕರೆಗಳನ್ನು ನೋಡಿ, "ಯಾರದೋ ಮದಿವಿ ಇರಬೇಕು, ನಾಳೆ ಮಾತಾಡಿದ್ರಾತು" ಎಂದು ಮಲಗಿದ. ಮರುದಿನ ಮರೆತ. ಶನಿವಾರ ಸಂಜೆ ಹನುಮಪ್ಪನ ಕಟ್ಟೆಯ ಮೇಲೆ ಇರಣ್ಣಜ್ಜ ದುರ್ಗವ್ವನ ಹಳೆಯ ಪದವನ್ನು ಎತ್ತಿದ. ಕೊನೆಗೆ ಬಂದಾಗ ಮೇಳ ಬಾಯಿ ಮುಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ದುರ್ಗವ್ವ ಓಣಿಯ ನಲ್ಲಿಯ ಮುಂದೆ ಕೊಡ ತೊಳೆಯುತ್ತಿದ್ದಳು. ಓಣಿಯ ತುದಿಯಲ್ಲಿ ಅಳು ಕೇಳಿಸಿತು. ಹಾಡಿ ಹಾಡಿ ಅಳುವ ಆ ಧಾಟಿ ಪೀಣ್ಯದ್ದಲ್ಲ, ತನ್ನ ಸೀಮೆಯದು ಎಂದು ಗೊತ್ತಾಗಿ ತಲೆಯೆತ್ತಿದಳು. ಅಕ್ಕ ಬಸಮ್ಮ ತಲೆಗೂದಲು ಬಿಚ್ಚಿಕೊಂಡು, ಕಂಕುಳಲ್ಲಿ ಗಂಟು ಹಿಡಿದು, ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು.

"ನನ ಗಿಣಿಯss, ಪೀಣ್ಯಾದ ಮಣ್ಣಿಗೆ ಬಂದು ಬಿದ್ದೆಲ್ಲss..."

"ಅಕ್ಕಾ" ಎಂದಳು ದುರ್ಗವ್ವ. ದನಿ ಪಿಸುಮಾತಿನಂತಿತ್ತು. "ಯಾರ ಹೋದರಬೇ?"

ಬಸಮ್ಮ ನಿಂತಲ್ಲಿಯೇ ನಿಂತಳು. ತಂಗಿಯ ಮುಖ ನೋಡಿದಳು, ಕಾಲು ನೋಡಿದಳು, ಕಾಲಿನ ನೆರಳು ನೋಡಿದಳು. ಆಮೇಲೆ ಗಂಟನ್ನು ನೆಲಕ್ಕೆ ಬೀಸಿ ಒಗೆದಳು.

"ನೀನss ಹೋಗೀಯಲ್ಲಬೇ ಖೋಡಿ! ಊರಿಗೂರss ನಿನ್ನ ಮಣ್ಣ ಮಾಡಿ ಕುಂತೈತಿ, ನೀ ಇಲ್ಲಿ ಕೊಡಾ ತಿಕ್ಕಾಕತ್ತೀ!"

"ನಾ ಯಾವಾಗ ಸತ್ನಿ?"

"ನಿನ್ನ ಹೆಸರಿನ ನುಡಿ ಯಾವಳೋ ಹಾಡ್ಯಾಳ! ಫೋನ್ಯಾಗ! ನೀ ಇದ್ರ ಯಾಕ ಹಾಡತಾಳ? ಹೇಳs, ನೀ ಇದ್ರ ಯಾಕ ಹಾಡತಾಳ?"

ನಲ್ಲಿಯ ಸುತ್ತ ಜನ ಸೇರಿದ್ದರು. ಕೊಟ್ರಪ್ಪ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಓಡಿಬಂದ. ಬಸಮ್ಮ ಅವನತ್ತ ತಿರುಗಿದಳು. "ಫೋನ ಎತ್ತಿದ್ರ ನಿನ್ನ ಕೈ ಸವೀತಿದ್ದುವೇನೋ ಹಮಾಲ್ಯಾ?" ಅವನು ಕಡ್ಡಿ ತೆಗೆದು, "ಮದಿವಿ ಅನ್ಕೊಂಡಿದ್ನಿ ಅತ್ತಿಗಿ" ಎಂದ. ಯಾರೋ ನಕ್ಕರು. ನಗು ಹಬ್ಬಿತು. ಬಸಮ್ಮನೂ ಅಳುತ್ತಲೇ ನಕ್ಕಳು. ದುರ್ಗವ್ವ ನಗಲಿಲ್ಲ. ಅಕ್ಕನ ಒಂದು ಮಾತು ಆಕೆಯ ಕಿವಿಯಲ್ಲಿ ಸಿಕ್ಕಿಕೊಂಡಿತ್ತು.

"ಮೇಳದವರು ಹಾಡಿದ್ರೇನು?"

ಬಸಮ್ಮ ಕಣ್ಣೊರೆಸಿಕೊಂಡಳು. "ನಿನ್ನಿ ಸಂಜಿಗೆ. ಇರಣ್ಣಜ್ಜನss ಹಾಡಿದ. ಕಟ್ಟಿ ಮುಂದ ಮಂದೀನೋ ಮಂದಿ."

ಅಷ್ಟು ಹೊತ್ತಿಗೆ ಮುನಿಯಣ್ಣ ಸ್ವೀಟಿನ ಪೊಟ್ಟಣ ಹಿಡಿದು, ಹಿಂದೆ ಸವಿತಾಳನ್ನು ಕರೆದುಕೊಂಡು ಬಂದ. ಸಂತೋಷದ ಸುದ್ದಿ ಹೇಳಲು ಬಂದವನಿಗೆ ಓಣಿಯ ಮಂದಿ ವಿಷಯ ತಿಳಿಸಿದರು. ಆತ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಹೋದ್ಸಲ ಹೆಸ್ರು ಬಿಟ್ಟೋಯ್ತು ಅಂತ ಅಷ್ಟು ಜಗಳ ಆಡಿದ್ರಲ್ಲ ದುರ್ಗಮ್ಮ. ಈ ಸಲ ಬಿಡ್ಬಾರ್ದು ಅಂತ... ನಮ್ಗೇನ್ ಗೊತ್ತಮ್ಮ ಇಂಗೆಲ್ಲ ಅಂತ."

ಸವಿತಾ ಬಿಕ್ಕುತ್ತಿದ್ದಳು. "ಅಕ್ಕಾ, ನಿಮ್ಮ ಹೆಸರು ಎಲ್ಲರಿಗೂ ಕೇಳಿಸ್ಲಿ ಅಂತ ಹಾಡ್ದೆ. ದೇವರಾಣೆ ಅಷ್ಟೇ ಅಕ್ಕಾ."

ದುರ್ಗವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. ಬೈಯಲು ದನಿಯೂ ಇರಲಿಲ್ಲ, ಬೈಯಬೇಕಾದವರೂ ಇರಲಿಲ್ಲ.

ಬಸಮ್ಮನ ಗಂಟಿನಲ್ಲಿ ಹಸಿರು ಸೀರೆಯಿತ್ತು, ಬಳೆಯಿತ್ತು, ಅರಿಶಿನ ಕುಂಕುಮವಿತ್ತು. ಮುತ್ತೈದೆ ಸತ್ತರೆ ಹೊದಿಸಲು ತವರಿನವರು ತರುವ ಸೀರೆ. ಅದನ್ನು ತಿರುಗಿ ಮನೆಗೆ ಒಯ್ಯುವಂತಿಲ್ಲ. ದುರ್ಗವ್ವ ಒಳಗೆ ಹೋಗಿ ಅದನ್ನೇ ಉಟ್ಟು ಹೊರಬಂದಳು. ಬಸಮ್ಮ "ಬ್ಯಾಡಬೇ" ಎಂದು ಕೈ ಹಿಡಿದಳು. ಆಕೆ ಕೈ ಬಿಡಿಸಿಕೊಂಡು, ಮುನಿಯಣ್ಣನಿಗೆ, "ನಡೀರಿ. ನಾ ಹಾಡತೀನಿ" ಎಂದಳು.

ಅಂದು ಗಾಜಿನ ಕೋಣೆಯಲ್ಲಿ ಆಕೆ ಹೆಸರಿನ ನುಡಿಯನ್ನು ಹಾಡಿದಳು. ಮೇಲೆ ಎತ್ತಲಾಗದ್ದನ್ನು ಕೆಳಗೆ ಇಳಿಸಿಕೊಂಡು, ಒಡೆದ ದನಿಯಲ್ಲಿ, ನಡುನಡುವೆ ಕೆಮ್ಮಿ, ಕಡೆಯ ಸಾಲಿನವರೆಗೂ ಹೋದಳು. ಮುನಿಯಣ್ಣ ಅದನ್ನು ಮತ್ತೊಮ್ಮೆ ಹಾಕಿ ಕೇಳಿದ.

"ಕಂಪ್ಯೂಟರಲ್ಲಿ ಒಂಚೂರು ಸರಿ ಮಾಡ್ಲಾ?"

"ಬ್ಯಾಡ್ರಿ. ಸರಿ ಮಾಡಿದ್ರ ಅದು ಮತ್ತ ಬ್ಯಾರೆ ಯಾರದೋ ದನಿ ಆಕ್ಕತಿ."

ಆತ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ. "ದುರ್ಗವ್ವ ಬದುಕಿದ್ದಾರೆ" ಎಂದು ಮೇಲೆ ಬರೆದ. ಆದರೆ ತೆಗೆದದ್ದು ಆತನ ಚಾನೆಲ್ಲಿನಿಂದ ಮಾತ್ರ. ಅಷ್ಟರಲ್ಲಿ ಅದು ನೂರಾರು ಫೋನುಗಳಲ್ಲಿ ಇಳಿದಿತ್ತು; ಬೇರೆ ಚಾನೆಲ್ಲುಗಳು ಆಕೆಯ ಚಿತ್ರಕ್ಕೆ ಹೂವಿನ ಹಾರ ಬಿಡಿಸಿ, ಕೆಳಗೆ ದೀಪವಿಟ್ಟು, "ದುರ್ಗವ್ವನ ಕಡೆಯ ಹಾಡು" ಎಂದು ಹಾಕಿಕೊಂಡಿದ್ದವು. ಸತ್ತವಳ ಹಾಡನ್ನು ಜನ ಕಣ್ಣೀರಿಟ್ಟು ಕೇಳಿದರು. ಬದುಕಿದವಳ ಹಾಡಿಗೆ ಬಂದ ಮಾತುಗಳನ್ನು ದುರ್ಗವ್ವ ಸವಿತಾಳಿಂದ ಓದಿಸಿದಳು. ಸವಿತಾ ಮೊದಲ ಸಾಲಿಗೇ ತಡವರಿಸಿದಳು.

"ಓದು" ಎಂದಳು ದುರ್ಗವ್ವ.

"'ಸತ್ತೋರ ಹೆಸರಲ್ಲಿ ದುಡ್ಡು ಮಾಡೋ ಜನ, ನಾಚಿಕೆ ಆಗ್ಬೇಕು'... 'ಯಾವುದೋ ಕಾಗೆ ಕೂಗಿದಂಗೈತಿ, ದುರ್ಗವ್ವನ ಹಾಡು ಕೆಡಿಸ್ಬ್ಯಾಡ್ರಿ'... ಅಕ್ಕಾ, ಸಾಕಕ್ಕ."

"ಓದು."

"'ಆ ತಾಯಿ ಆತ್ಮಕ್ಕೆ ಶಾಂತಿ ಸಿಗ್ಲಿ. ಈ ನಕಲಿ ತೆಗೀರಿ.'"

ದುರ್ಗವ್ವ ತಲೆಯಾಡಿಸಿದಳು. ಕೇಳುವವರ ಕಿವಿ ಸರಿಯಾಗಿಯೇ ಇತ್ತು. ಹೊಸ ದನಿಯಲ್ಲಿ ದುರ್ಗವ್ವ ಇರಲಿಲ್ಲವೆಂಬುದನ್ನು ಆಕೆಯೇ ಒಪ್ಪಬೇಕಾಗಿತ್ತು.

ಇನ್ನು ಉಳಿದಿದ್ದುದು ಒಂದೇ ದಾರಿ. ಕೊಟ್ರಪ್ಪನ ಫೋನಿನಿಂದ ಆಕೆ ಇರಣ್ಣಜ್ಜನಿಗೆ ಕರೆ ಮಾಡಿದಳು. ಬಸಮ್ಮ ಊರಿಗೆ ಹಿಂದಿರುಗಿ ಎಲ್ಲವನ್ನೂ ಹೇಳಿದ್ದಳು. ಮುದುಕನ ದನಿಯಲ್ಲಿ ಸಂತೋಷವೂ ಸಂಕಟವೂ ಕೂಡಿದ್ದವು.

"ಇದ್ದೀಯಲ್ಲ, ಅಷ್ಟು ಸಾಕು ನನ್ನವ್ವ. ನೂರು ವರ್ಷ ಇರು."

"ಅಜ್ಜಾ, ಇನ್ನ ಮ್ಯಾಲ ನನ್ನ ನುಡಿಗೆ ಮತ್ತ ಬಾಯಿ ಮುಚ್ಚತೀರೇನು?"



"ಹಾಡಿ ಆತಲ್ಲವ್ವ. ಒಮ್ಮಿ ಮಂದೀ ಬಾಯಿಗೆ ಬಿದ್ದ ನುಡೀನ ತಿರುಗಿ ತಗೊಳ್ಳಾಕ ಅದೇನು ಕೈಗಡ ಕೊಟ್ಟ ಬೋಗಾಣಿ ಅಲ್ಲ. ನಮ್ಮಪ್ಪನ ಕಾಲದಾಗೂ ಇಲ್ಲ, ಅವನಪ್ಪನ ಕಾಲದಾಗೂ ಇಲ್ಲ. ನಾ ಇಲ್ಲೆ ಬಾಯಿ ಮುಚ್ಚಿದ್ರೂ, ಸಣ್ಣ ಹುಡುಗರು ಮುಚ್ಚತಾವೇನು? ಅವಕ್ಕ ಬಾಯಿಪಾಠ ಆಗೇತಿ."

"ಅಂದ್ರ ನಾ ಸತ್ತಂಗs."

"ಸತ್ತವರಿಗೆ ಸಿಗೂ ಮರ್ಯಾದಿ ನಿನಗ ಇದ್ದಾಗನss ಸಿಕ್ತು ಅನ್ಕೋ" ಎಂದ ಮುದುಕ, ಅಂದ ಕೂಡಲೇ ತನ್ನ ಮಾತು ತನಗೇ ಸರಿಕಾಣದೆ, "ನನ್ನ ಬೈಯವ್ವ. ನಾ ಅವಸರ ಮಾಡಿದ್ನಿ" ಎಂದು ಅತ್ತ.

ಆಕೆ ಬೈಯಲಿಲ್ಲ. ಆದರೆ ಅಂದಿನಿಂದ ಕಾರ್ಖಾನೆಯಲ್ಲಿ ಆಕೆ ಬಾಯಲ್ಲಿ ಏನನ್ನೂ ಗುನುಗುತ್ತಿರಲಿಲ್ಲ. ಪ್ಯಾಕಿಂಗಿನ ಕಡೆ ಸರಪಳಿಯಿಲ್ಲವೆಂಬುದು ಒಂದು ಕಾರಣವಿದ್ದೀತು. ಎರಡನೆಯ ಆಲ್ಬಮ್ ಇಷ್ಟು ಓಡಿದ ಮೇಲೆ ಮೂರನೆಯದಕ್ಕೆ ಪದ ಕಟ್ಟಿಕೊಡೆಂದು ಮುನಿಯಣ್ಣ ಕೇಳಿದಾಗ, "ಸತ್ತಾಕಿ ಹೊಸಾ ಪದ ಕಟ್ಟೂದಿಲ್ರಿ" ಎಂದಳು. ತಮಾಷೆಗೆ ಹೇಳಿದಳೆಂದು ಆತ ನಗಲು ಹೋದ. ಮುಖ ನೋಡಿ ನಿಲ್ಲಿಸಿದ.

ಪೀಣ್ಯದಲ್ಲಿರುವ ಆ ಸೀಮೆಯ ಜನ ಓಣಿಯ ಒಂದು ಕಟ್ಟಡದ ತಾರಸಿಯ ಮೇಲೆ ಶನಿವಾರ ಭಜನೆಗೆ ಕೂಡುತ್ತಾರೆ. ದುರ್ಗವ್ವ ಕೆಲವು ವಾರ ಹೋಗಲಿಲ್ಲ. ಆಮೇಲೊಂದು ಶನಿವಾರ ಕೊಟ್ರಪ್ಪ, "ಮನ್ಯಾಗ ಕುಂತು ಏನ ಮಾಡತಿ? ನೀ ಬರದಿದ್ರ ಮಂದಿ ಮತ್ತೊಮ್ಮಿ ಸತ್ತಿ ಅಂತಾರ" ಎಂದು ಎಬ್ಬಿಸಿದ. ಆಕೆ ಹೋಗಿ ಗೋಡೆಗೊರಗಿ ಕುಳಿತಳು. ಕೊಟ್ರಪ್ಪ ದಮ್ಮಡಿ ಬಾರಿಸಿದ. ಒಂದೆರಡು ದೇವರ ಪದಗಳಾದ ಮೇಲೆ ಯಾರೋ ಹೊಸಬ ತಿಳಿಯದೆ ಮೆಟ್ರೋ ಗಾಡಿಯ ಪದವನ್ನು ಎತ್ತಿಬಿಟ್ಟ. ಎತ್ತಿದ ಪದವನ್ನು ನಡುವೆ ಬಿಡುವಂತಿಲ್ಲ. ನುಡಿಯ ಮೇಲೆ ನುಡಿ ಸರಿದು, ಹೆಸರಿನ ನುಡಿಯ ಅಂಚಿಗೆ ಬಂತು.

ಅಲ್ಲಿ ಮೇಳ ಒಡೆಯಿತು. ಕಟ್ಟಿದವಳು ಎದುರಿಗೇ ಕುಳಿತಿದ್ದಾಳೆ, ಹಾಡುವಂತಿಲ್ಲ ಎಂದು ಅರ್ಧ ಮಂದಿ ಬಾಯಿ ಮುಚ್ಚಿದರು. ಊರಲ್ಲಿ ಹಾಡಿ ಆಗಿದೆ, ಇನ್ನು ತಡೆಯಿಲ್ಲ ಎಂದು ಉಳಿದವರು ತೆರೆದರು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿ ನಿಲ್ಲಿಸಿದರು. ದಮ್ಮಡಿಯೊಂದೇ ಸದ್ದು ಮಾಡುತ್ತಿತ್ತು. ಎಲ್ಲರೂ ಗೋಡೆಯ ಕಡೆ ತಿರುಗಿದರು.

ದುರ್ಗವ್ವ ಮುಂದೆ ಬಾಗಿ ಒಬ್ಬನ ಕೈಯಿಂದ ತಾಳ ಇಸಿದುಕೊಂಡಳು. ಒಂದು ಸುತ್ತು ಹಾಕಿದಳು. ಆಮೇಲೆ ಹಿಮ್ಮೇಳದ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಸವಿತಾಳ ಕಡೆ ನೋಡಿ, "ಹಾಡು" ಎಂದಳು.

ಸವಿತಾ ತಲೆ ಅಲ್ಲಾಡಿಸಿದಳು.

"ಹಾಡಬೇ. ತಾಳ ಓಡಾಕತ್ತೈತಿ."

ಸವಿತಾ ಎತ್ತಿದಳು. ಮೇಳ ಹಿಂದೆ ಕೂಡಿತು. ಜಾಲಿಕಟ್ಟಿಯ ದುರ್ಗಿ ಪೀಣ್ಯಕ್ಕೆ ಬಂದಳು, ಹೊಗೆಯಲ್ಲಿ ಪದ ಕಟ್ಟಿದಳು, ಹೆಸರು ಮರೆಯಬೇಡಿರೆಂದು ಕೇಳಿಕೊಂಡಳು. ತಾರಸಿಯ ಮೇಲೆ ಬಾಯಿ ಮುಚ್ಚಿ ಬರಿಯ ತಾಳ ಹಾಕಿದವಳು ದುರ್ಗವ್ವ ಒಬ್ಬಳೇ.

ಪದ ಮುಗಿದ ಮೇಲೆ ಸವಿತಾ ಮೆಲ್ಲಗೆ ಪಕ್ಕಕ್ಕೆ ಬಂದು ಕುಳಿತಳು. ಕ್ಷಮೆ ಕೇಳಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ದುರ್ಗವ್ವ ಅವಳ ಕಿವಿಯ ಹತ್ತಿರ ಬಾಯಿ ತಂದಳು. ದೂರದಿಂದ ಆಡಿದರೆ ಕೇಳಿಸುವಷ್ಟು ದನಿ ಆಕೆಗೆ ಉಳಿದಿರಲಿಲ್ಲ.

"'ಹೊಗಿಯಾಗ' ಅನ್ನೂದನ್ನ ಏರಿಸಬ್ಯಾಡ. ಅಲ್ಲೆ ನಾ ಇಳಸತಿದ್ನಿ."